ಎರಡನೇ ಗುಂಡು

...ಅಲ್ಲ ಕಣೇ ಸಿಂಚನ, ಇದು ಬೈಕಿಂದ ಬಿದ್ದು ಆಗಿದ್ದಲ್ಲ, ಕಬಡ್ಡಿಯಲ್ಲಿ ಆಗಿದ್ದೂ ಅಲ್ಲ, ನಿಮ್ಮಮ್ಮ ಊರಿಗೆಲ್ಲ ಹಾಗೆ ಹೇಳ್ಕೊಂಡು ಬಂದಿದ್ದಾಳೆ ಅಷ್ಟೇ. ತಮ್ಮನ ಮೇಲೆ ಪೊಲೀಸ್ ಕೇಸಿತ್ತು ಅಂತ ಗೊತ್ತಾದ್ರೆ ಯಾರೂ ಹೆಣ್ಣು ಕೊಡಲ್ಲ ಅಂತ ಅವಳಿಗೆ ಭಯ. ನನಗೇನು ಭಯ, ಕೊಡೋರು ಕ್ಯೂ ನಿಲ್ತಾರೆ, ಬಿಡು. ಹುಬ್ಬಿನ ಮೇಲಿನ ಈ ಗೀಟು ಇದೆಯಲ್ಲ, ಇದು ಕೋಲಿನ ಏಟು. ಮೊಣಕೈ ಕೆಳಗಿನದು ನೋಡು, ಇದು ಕತ್ತಿ ಏಟು. ಎರಡೂ ಒಂದೇ ಬೆಳಿಗ್ಗೆ ಬಿದ್ದಿದ್ದು. ಎರಡರಲ್ಲಿ ಒಂದನ್ನೂ ನಾನು ವಾಪಸ್ ಕೊಡಲಿಲ್ಲ. ಕುಶಾಲನಗರದ ಸುತ್ತ ಯಾವ ಊರಲ್ಲಿ ಬೇಕಾದ್ರೂ ಕೇಳಿ ನೋಡಿ, ಲೋಕೇಶ ಏಟು ತಿಂದು ಸುಮ್ಮನೆ ಬಂದ ಅಂದ್ರೆ ಬಿದ್ದು ಬಿದ್ದು ನಗ್ತಾರೆ. ನಾನು ತೊಡೆ ತಟ್ಟಿ ಗೆರೆ ದಾಟಿದ್ರೆ ಎದುರಿನವರು ಹಿಂದೆ ಸರೀತಿದ್ರು, ಗೊತ್ತಾ? ಅಂಥವನು ನಾನು. ಈಗ ನೀನು ಕೈಲಿ ಹಿಡ್ಕೊಂಡು ಗಿಳಿ ಹಾಗೆ ಒದರ್ತಾ ಇದ್ದೀಯಲ್ಲ ಆ ಪಾಠ, ಸವಿನಯ ಕಾನೂನುಭಂಗ, ಅದನ್ನ ನಾನು ಒಂದು ವರ್ಷ ಕಲಿಸಿದ್ದೀನಿ. ಕಲಿಸಿದ್ದೀನಿ ಅನ್ನೋದಕ್ಕಿಂತ, ಮೈಮೇಲೆ ಬರೆಸ್ಕೊಂಡಿದ್ದೀನಿ. ಪುಸ್ತಕ ಮುಚ್ಚು. ತೇಜು, ಮೊಬೈಲ್ ಕೆಳಗಿಡೋ.

ನನ್ನ ಮೊದಲನೇ ಕೆಲಸ ಅದು. ನೆಲ್ಯಹುದಿಕೇರಿಯಲ್ಲಿ ಒಂದು ಬಾಡಿಗೆ ರೂಮು, ಅಮ್ಮತ್ತಿ ಕಡೆ ಹೋಗೋ ಬಸ್ಸಲ್ಲಿ ನೇತಾಡ್ಕೊಂಡು ಹೋಗಿ ಒಂದು ಸರ್ಕಾರಿ ಹೈಸ್ಕೂಲಿನ ಹತ್ರ ಇಳಿಯೋದು. ಅತಿಥಿ ಶಿಕ್ಷಕ. ಅತಿಥಿ ಅಂದ್ರೆ ಕೂರಿಸಿ ಊಟ ಹಾಕ್ತಾರೆ ಅಂದ್ಕೊಂಡ್ರಾ? ಯಾವಾಗ ಬೇಕಾದ್ರೂ ಎದ್ದು ಹೋಗಪ್ಪ ಅನ್ನಬಹುದು, ಅದಕ್ಕೇ ಆ ಹೆಸರು. ಹಗಲೆಲ್ಲ ಸಾರ್ ಸಾರ್ ಅನ್ನಿಸ್ಕೊಳ್ಳೋದು, ಸಂಜೆ ಬನ್ನು ಬಾಳೆಹಣ್ಣು ತಿಂದು ಮಲಗೋದು. ಮನೇಲಿ ಹೇಳಿರಲಿಲ್ಲ, ನಿಮ್ಮ ತಾತನಿಗೆ ಗೊತ್ತಾಗಿದ್ರೆ ಬಾ, ಶುಂಠಿ ಹೊಲದಲ್ಲಿ ಮಡಿ ಹಾಕು ಅಂತಿದ್ರು. ಆದ್ರೆ ಕ್ಲಾಸಲ್ಲಿ ಮಾತ್ರ ನಾನು ರಾಜ. ಆ ಸ್ಕೂಲಲ್ಲಿ ನನ್ನಷ್ಟು ಚೆನ್ನಾಗಿ ಪಾಠ ಮಾಡಿದವನು ಹಿಂದೂ ಇರಲಿಲ್ಲ, ಮುಂದೂ ಬರಲ್ಲ, ಬರೆದಿಟ್ಕೊಳ್ಳಿ. ಮಕ್ಕಳೆಲ್ಲ ಎಸ್ಟೇಟ್ ಲೈನಿನವರು, ಕೂಲಿಯವರ ಆ ಸಾಲು ಮನೆಗಳಿಂದ ಬರೋರು. ಮನೇಲಿ ಒಬ್ಬರದು ತಮಿಳು, ಒಬ್ಬರದು ಮಲಯಾಳ, ಒಬ್ಬರದು ಎರವ ಮಾತು, ಎಲ್ಲ ಸೇರಿ ಕನ್ನಡದಲ್ಲಿ ಜಗಳ ಆಡೋರು. ಅವರಲ್ಲಿ ಇಬ್ಬರನ್ನ ನೆನಪಿಟ್ಕೊಳ್ಳಿ. ಸೆಲ್ವಿ ಅಂತ ಹತ್ತನೇ ಕ್ಲಾಸಿನ ಹುಡುಗಿ, ಪ್ರಶ್ನೆ ಕೇಳೋಕೆ ಶುರು ಮಾಡಿದ್ರೆ ನೀರು ಕುಡಿಸ್ತಿದ್ಲು. ಇನ್ನೊಬ್ಬ ನೌಫಲ್, ಬಾಯಿ ಅಂದ್ರೆ ಬಾಯಿ.

ಉಪ್ಪಿನ ಸತ್ಯಾಗ್ರಹದ ಪಾಠ ಮಾಡ್ತಾ ಇದ್ದೆ. ಉಪ್ಪಿನ ಡಿಪೋ ಮುಂದೆ ಜನ ಸಾಲು ಸಾಲಾಗಿ ಹೋಗಿ ನಿಂತಿದ್ದು, ಪೊಲೀಸರು ಲಾಠಿಯಲ್ಲಿ ತಲೆಗೇ ಹೊಡೆದಿದ್ದು, ಒಂದು ಸಾಲು ಬಿದ್ರೆ ಇನ್ನೊಂದು ಸಾಲು ಬಂದಿದ್ದು, ಯಾರೂ ಅಡ್ಡ ಕೈ ಕೂಡ ಎತ್ತದೇ ಇದ್ದಿದ್ದು, ಎಲ್ಲ ಆಕ್ಟಿಂಗ್ ಮಾಡಿ ತೋರಿಸ್ದೆ. ಅಮೆರಿಕದಲ್ಲಿ ಕರಿಯರ ಹುಡುಗರು ಹೋಟೆಲಲ್ಲಿ ಕೂತು, ತಲೆ ಮೇಲೆ ಸಾಸು ಸುರಿದ್ರೂ ಏಳದೇ ಇದ್ದಿದ್ದನ್ನೂ ಹೇಳ್ದೆ. ಆಗ ನೌಫಲ್ ಎದ್ದು ನಿಂತ. "ಸಾರ್, ಏಟು ತಿಂದವರಿಗೆ ಪಾಯಿಂಟ್ ಕೊಡೋ ರೆಫರಿ ಯಾರು ಸಾರ್?" ಎಲ್ಲರೂ ಗೊಳ್ಳಂತ ನಕ್ಕರು. ಸೆಲ್ವಿ ನಗಲಿಲ್ಲ. "ಸಾರ್, ಸವಿನಯ ಅಂದ್ರೆ ಏನು ಸಾರ್?" ಮರ್ಯಾದೆಯಿಂದ ಅಂತಮ್ಮ, ಅಂದೆ. "ಅಂದ್ರೆ ಮರ್ಯಾದೆಯಿಂದ ಕಾನೂನು ಮುರಿಯೋದಾ? ನಮ್ಮ ಮೇನೇಜರ್ ಗೇಟಲ್ಲಿ ಬೋರ್ಡು ಹಾಕಿದ್ದಾರಲ್ಲ, ಒಳಗೆ ಬಂದ್ರೆ ಪೊಲೀಸಿಗೆ ಕೊಡ್ತೀವಿ ಅಂತ, ಅದನ್ನೂ ಮರ್ಯಾದೆಯಿಂದ ಮುರೀಬಹುದಾ?" ಬೆಲ್ ಹೊಡೀತು, ಬಚಾವಾದೆ.

ಗೇಟಿನ ವಿಷಯ ಹೇಳಲಿಲ್ಲ ಅಲ್ವಾ. ಲೈನಿಂದ ಸ್ಕೂಲಿಗೆ ಎಸ್ಟೇಟ್ ಒಳಗೇ ಒಂದು ಕಾಲುದಾರಿ ಇತ್ತು, ಅವರ ತಾತಂದಿರ ಕಾಲದಿಂದ ಎಲ್ಲರೂ ನಡೀತಿದ್ದಿದ್ದು. ಎಸ್ಟೇಟ್ ಕೈ ಬದಲಾಯ್ತು, ಹೊರಗಿನಿಂದ ಹೊಸ ಮೇನೇಜರ್ ಬಂದ, ಬಂದವನೇ ಮೆಣಸು ಕಳುವಾಗ್ತಾ ಇದೆ ಅಂತ ದಾರಿಗೆ ಕಬ್ಬಿಣದ ಗೇಟು ಜಡಿದ. ಇನ್ನೊಂದು ದಾರಿ ಇರೋದು ಕಾಡಂಚಿನಲ್ಲಿ, ಬಿದಿರು ಮೆಳೆ ಸುತ್ತಿ. ಆನೆ ದಾರಿ ಅದು. ಹಿಂದಿನ ಪಿಕ್ಕಿಂಗ್‌ನಲ್ಲಿ ಕಾಫಿ ಕುಯ್ಯೋಕೆ ಬಂದಿದ್ದ ಒಬ್ಬ ಹೆಂಗಸನ್ನ ಅಲ್ಲೇ ಆನೆ ತುಳಿದು ಹಾಕಿತ್ತು. ಆಮೇಲೆ ಅಲ್ಲಿ ಏನು ಉಳಿದಿತ್ತು ಅಂತ ಹೇಳಲ್ಲ, ನಿಮ್ಮದು ಊಟ ಆಗಿಲ್ಲ ಇನ್ನೂ. ಒಂದು ದಿನ ಈ ಸೆಲ್ವಿಯನ್ನೂ ಒಂಟಿ ಸಲಗ ಅಟ್ಟಿಸ್ಕೊಂಡು ಬಂತು. ಬ್ಯಾಗ್ ಎಸೆದು ಓಡಿದ್ಲು, ಅದಕ್ಕೆ ಉಳಿದ್ಲು. ಬ್ಯಾಗು ಚಪಾತಿ ಆಗಿತ್ತು. ಅವತ್ತು ಅವರಪ್ಪ ಮುರುಗೇಶ ಸ್ಕೂಲಿಗೆ ಬಂದ. ಅದೇ ಎಸ್ಟೇಟಲ್ಲಿ ಕೂಲಿ ಅವನು, ಒಳ್ಳೇ ಮನುಷ್ಯ, ಮಾತು ಕಮ್ಮಿ. "ಸಾರ್, ಗೇಟ್ ತೆಗೆದ್ರೆ ಕಳಿಸ್ತೀನಿ. ಇಲ್ಲಾಂದ್ರೆ ನಾಳೆಯಿಂದ ಇವಳು ಬರಲ್ಲ. ಓದಿಲ್ಲಾಂದ್ರೂ ಪರವಾಗಿಲ್ಲ, ಮಗಳು ಇರಬೇಕು ನಂಗೆ." ಏನು ತಪ್ಪು ಅದರಲ್ಲಿ? ಪಕ್ಕದಲ್ಲಿ ಸೆಲ್ವಿ ಆ ಚಪಾತಿ ಬ್ಯಾಗ್ ಹಿಡ್ಕೊಂಡು ನಿಂತಿದ್ಲು. ಹೆಡ್ ಮೇಡಂ ಎಲ್ಲಾ ಕಡೆ ಅರ್ಜಿ ಹಾಕಿದ್ರು, ಎಲ್ಲಾ ಕಡೆ ನೋಡೋಣ ನೋಡೋಣ. ಗೇಟ್ ತೆಗೆದ್ರೆ ಹುಡುಗಿ ಓದ್ತಾಳೆ, ಇಲ್ಲಾಂದ್ರೆ ಸೊಂಟಕ್ಕೆ ಚೀಲ ಕಟ್ಕೊಂಡು ಕಾಫಿ ಕುಯ್ತಾಳೆ. ಅಷ್ಟೇ ಲೆಕ್ಕ.

ಮಾರನೇ ದಿನ ಸೆಲ್ವಿ ಬಂದ್ಲು. ಒಬ್ಬಳೇ ಅಲ್ಲ, ಲೈನಿನ ಹುಡುಗರನ್ನೆಲ್ಲ ಕಟ್ಕೊಂಡು. "ಸಾರ್, ನಾವು ಗೇಟ್ ಹತ್ತಿ ಒಳಗೆ ಕೂತ್ಕೋತೀವಿ, ಬೋರ್ಡಿನ ಕೆಳಗೇ. ಪೊಲೀಸಿಗೆ ಕೊಟ್ರೆ ಕೊಡಲಿ. ಅಪ್ಪನಿಗೆ ಗೊತ್ತಿಲ್ಲ. ಹೊಡೆದ್ರೆ ಏನು ಮಾಡಬೇಕು ಅಂತ ಮಾತ್ರ ಹೇಳಿಕೊಡಿ." ನೋಡ್ರೋ, ನಾನು ಬೇಡ ಅಂದೆ. ದೇವರಾಣೆಗೂ ಬೇಡ ಅಂದೆ. ಬೇಕಾದ್ರೆ ನಾನೊಬ್ಬನೇ ಹೋಗಿ ಆ ಮೇನೇಜರ್ ಕಾಲರ್ ಹಿಡೀತೀನಿ, ಎರಡು ಬಿಟ್ರೆ ತಾನಾಗೇ ಗೇಟ್ ತೆಗೀತಾನೆ ಅಂದೆ. ಆ ಹುಡುಗಿ ನನ್ನ ಮುಖ ನೋಡಿ, "ಸಾರ್, ಅದು ಪಾಠದಲ್ಲಿ ಇಲ್ಲ" ಅಂದ್ಲು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾರೂ ನನ್ನ ಬಾಯಿ ಮುಚ್ಚಿಸಿಲ್ಲ. ಆಮೇಲೆ ಏನು, ಆಟದ ಮೈದಾನದಲ್ಲಿ ಪ್ರಾಕ್ಟೀಸು. ಸ್ಕೂಲಲ್ಲಿ ನಾನು ಕಬಡ್ಡಿ ಕಲಿಸ್ತಿದ್ದ ಹುಡುಗರ ಕೈಲಿ ಅವರನ್ನ ತಳ್ಳಿಸೋದು, ಜಡೆ ಎಳೆಸೋದು, ಬಯ್ಯಿಸೋದು. ಕೂತವರು ಗಲ್ಲ ಎದೆಗೆ ಒತ್ತಿ, ಕೈ ತೊಡೆ ಕೆಳಗೆ ಇಟ್ಕೊಂಡು ಕೂರಬೇಕು, ಕೈ ಮೇಲೆ ಬಂದ್ರೆ ಔಟು. "ಕೈ ಕೆಳಗೆ!" ಅಂತ ನಾನು ಕೂಗೋದು. ನೌಫಲ್‌ಗೆ ಕಚಗುಳಿ ಇಟ್ರೆ ಸಾಕು ಔಟಾಗ್ತಿದ್ದ. ಎಷ್ಟು ನಗ್ತಿದ್ವಿ ಅಂದ್ರೆ, ನಿಜವಾಗಿ ಹೊಡೀತಾರೆ ಅನ್ನೋದೇ ಮರೆತು ಹೋಗಿತ್ತು.

ಹೊಡೆದ್ರು. ಒಂದು ದಿನ ಬೆಳಿಗ್ಗೆ ಸ್ಕೂಲ್ ಯೂನಿಫಾರ್ಮಲ್ಲೇ ಹೋಗಿ ಗೇಟ್ ಹತ್ತಿ, ಆ ಕಡೆ ಬೋರ್ಡಿನ ಕೆಳಗೆ ಸಾಲಾಗಿ ಕೂತ್ರು. ನಾನೂ ಕೂತೆ, ಕೊನೇಲಿ. ಗೇಟಿಗೆ ಕಾವಲು ಇದ್ದಿದ್ದು ಬೆಳ್ಳಿಯಪ್ಪಜ್ಜ, ಅಲ್ಲಿಯವರೇ, ಕೊಡವರು, ಮಿಲಿಟರಿಯಿಂದ ರಿಟೈರ್ ಆಗಿದ್ದವರು, ಹೆಗಲಲ್ಲಿ ಕೋವಿ. "ಎದ್ದು ಹೋಗಿ ಮಕ್ಕಳೇ, ಅವ ಸರಿ ಇಲ್ಲ" ಅಂತ ಕೈ ಮುಗಿದ್ರು ಪಾಪ. ಅಷ್ಟರಲ್ಲಿ ಜೀಪ್ ಬಂತು. ಮೇನೇಜರ್, ಅವನ ಜೊತೆ ನಾಲ್ಕೈದು ಜನ, ಈ ಕಡೆಯವರಲ್ಲ, ಕರೆಸ್ಕೊಂಡಿದ್ದವರು, ಕೈಲಿ ಕಾಫಿ ಗಿಡದ ಕೋಲು. ಕಾಫಿ ಕೋಲು ಅಂದ್ರೆ ಗೊತ್ತಾ, ಹಸಿ ಕೋಲು, ಬಾಗುತ್ತೆ, ಮುರಿಯಲ್ಲ. "ಏಯ್, ಏಳ್ರೋ ಮೇಲೆ! ಕಳ್ಳರ ಮಕ್ಕಳಾ!" ಯಾರೂ ಏಳಲಿಲ್ಲ. ಮೇನೇಜರ್ ಜೀಪಿನ ಬಂಪರ್ ತಂದು ಮೊದಲ ಸಾಲಿನ ಹುಡುಗರ ಎದೆಗೆ ತಾಗಿಸಿ ರೇಸ್ ಮಾಡಿದ. ಏಳಲಿಲ್ಲ. ಆಮೇಲೆ ಕೋಲು ಬಿತ್ತು. ಬೆನ್ನಿಗೆ, ಭುಜಕ್ಕೆ, ಕಾಲಿಗೆ. ಒದ್ದೆ ಬಟ್ಟೆ ಕಲ್ಲಿಗೆ ಒಗೆದ ಹಾಗೆ ಸದ್ದು. ಚಿಕ್ಕವರು ಅಮ್ಮಾ ಅಂತ ಕಿರುಚ್ತಾ ಇದ್ರು, ಕಿರುಚ್ಕೊಂಡೇ ಕೂತಿದ್ರು, ಕೈ ಮಾತ್ರ ತೊಡೆ ಕೆಳಗೆ! ನನ್ನ ಹುಬ್ಬಿಗೆ ಬಿದ್ದಿದ್ದು ಆಗಲೇ. ಕಣ್ಣೊಳಗೆ ರಕ್ತ ಇಳೀತು, ಎಲ್ಲ ಕೆಂಪು. ಆ ಕೆಂಪಲ್ಲೇ ನೋಡ್ದೆ, ಒಬ್ಬ ನೌಫಲ್‌ನ ಕಿವಿ ಮೇಲೆ ಹೊಡೆದ, ಕೋಲಿನ ಬುಡದಿಂದ. ಸದ್ದೇ ಇಲ್ಲದೆ ಹುಡುಗ ಪಕ್ಕಕ್ಕೆ ವಾಲಿದ, ಸೆಲ್ವಿ ತೊಡೆ ಮೇಲೆ ತಲೆ ಬಿತ್ತು. ಕಿವಿಯಿಂದ ರಕ್ತ ಹೇಗೆ ಬರ್ತಾ ಇತ್ತು ಅಂದ್ರೆ, ಅವಳ ಬಿಳೀ ಯೂನಿಫಾರ್ಮ್ ಎದೆಯಿಂದ ಮಂಡಿ ತನಕ ನೆನೆದು ಹೋಯ್ತು.

ನಾನು ಎದ್ದುಬಿಟ್ಟೆ. ಸುಳ್ಳು ಯಾಕೆ ಹೇಳಲಿ. ಆ ಹೊಡೆದವನ ಅಂಗಿ ನನ್ನ ಮುಷ್ಟಿಯಲ್ಲಿತ್ತು, ಇನ್ನೊಂದು ಕೈ ಮೇಲೆ ಹೋಗಿತ್ತು, ಆ ಏಟು ಬಿದ್ದಿದ್ರೆ ಅವನ ಹಲ್ಲನ್ನ ಅಮ್ಮತ್ತಿ ಸಂತೇಲಿ ಹುಡುಕಬೇಕಿತ್ತು. ಆಗ ಹಿಂದಿನಿಂದ ಸೆಲ್ವಿ, "ಸಾರ್! ಕೈ ಕೆಳಗೆ!" ಅಂದ್ಲು. ತೊಡೆ ಮೇಲೆ ಅರೆಪ್ರಾಣದ ಹುಡುಗನನ್ನ ಇಟ್ಕೊಂಡು, ಅಳ್ತಾ, ನನ್ನದೇ ಧಾಟಿಯಲ್ಲಿ. ಕೈ ಇಳೀತು ಕಣ್ರೋ. ಹೇಗೆ ಇಳೀತೋ ಗೊತ್ತಿಲ್ಲ. ನಾನು ಇಳಿಸಿದ್ದಲ್ಲ.

ಮೇನೇಜರ್‌ಗೆ ಅಷ್ಟೊತ್ತಿಗೆ ಹೆದರಿಕೆ ಹತ್ತಿತ್ತು. ಹೊಡೆದ್ರೂ ಏಳದ ಮಕ್ಕಳು, ಒಬ್ಬನ ಕಿವೀಲಿ ರಕ್ತ. ಹೆದರಿದವನು ಏನು ಮಾಡ್ತಾನೆ? ಇನ್ನೂ ಜೋರು ಮಾಡ್ತಾನೆ. ಬೆಳ್ಳಿಯಪ್ಪಜ್ಜನ ಹೆಗಲಿಂದ ಕೋವಿ ಕಿತ್ಕೊಂಡ. ಆಕಾಶಕ್ಕೆ ತೋರಿಸಿ ಒಂದು ಹೊಡೆದ. ಢಂ! ಮರದ ಮೇಲಿನ ಹಕ್ಕಿಯೆಲ್ಲ ಎದ್ದವು. ಮಕ್ಕಳು ನಡುಗಿದ್ರು, ಆದ್ರೆ ಏಳಲಿಲ್ಲ. ಅವನು ಕೋವಿ ಮತ್ತೆ ಎತ್ತಿದ. ಆಗ ಬೆಳ್ಳಿಯಪ್ಪಜ್ಜ ಅವನ ಕೈಗೆ ಜೋತು ಬಿದ್ದು ಕೂಗಿದ್ರು, "ಬೇಡ ಸಾರ್! ಎರಡು ಹೊಡೀಬೇಡಿ! ಎರಡು ಹೊಡೀಬಾರದು!" ಅಜ್ಜನನ್ನ ಮೊಣಕೈಲಿ ತಳ್ಳಿ ಎರಡನೇದನ್ನೂ ಹೊಡೆದ. ಢಂ! ಅಜ್ಜ ನೆಲದ ಮೇಲೆ ಕೂತು ತಲೆ ಮೇಲೆ ಕೈ ಇಟ್ಕೊಂಡ್ರು. "ಮುಗೀತು," ಅಂದ್ರು. "ಈಗ ಬರ್ತಾರೆ."

ಯಾರು ಬರ್ತಾರೆ ಅಂತ ನನಗೂ ಗೊತ್ತಾಗಲಿಲ್ಲ, ನಮ್ಮ ಜೋಳದ ಹೊಲದ ಕಡೆ ಈ ಪದ್ಧತಿ ಎಲ್ಲಿದೆ? ಆ ಕಡೆ ಕೊಡವರ ಮನೇಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು ಹಾರಿಸ್ತಾರೆ. ಸಾವಾದ್ರೆ ಒಂದರ ಬೆನ್ನಿಗೊಂದು ಎರಡು. ಎರಡು ಕೇಳಿಸ್ತು ಅಂದ್ರೆ ಮಾಡ್ತಿದ್ದ ಕೆಲಸ ಅಲ್ಲೇ ಬಿಟ್ಟು ಸದ್ದು ಬಂದ ಕಡೆಗೆ ಓಡಬೇಕು. ಹೊರಗಿನಿಂದ ಬಂದ ಮೇನೇಜರ್‌ಗೆ ಅದು ಏನು ಗೊತ್ತು, ಹೆದರಿಸೋಕೆ ಹೊಡೆದ ಅವನು. ಊರಿಗೆ ಕೇಳಿಸಿದ್ದು ಸಾವಿನ ಸುದ್ದಿ. ಅದೂ ಮಕ್ಕಳು ಕೂತಿರೋ ಗೇಟಿನ ಕಡೆಯಿಂದ.

ಬಂದ್ರು. ಅಪ್ಪಾ, ಬಂದ್ರು! ತೋಟದೊಳಗಿಂದ, ಗದ್ದೆ ಕಡೆಯಿಂದ, ಲೈನಿಂದ, ರಸ್ತೇಲಿ ಹೋಗ್ತಾ ಇದ್ದ ಪಿಕಪ್ ನಿಲ್ಲಿಸಿ ಡ್ರೈವರೂ ಇಳಿದು ಬಂದ. ಕೆಲಸದ ಹೊತ್ತಲ್ವಾ, ಕಳೆ ಕಡೀತಾ ಇದ್ದ ಕತ್ತಿ ಕೈಲೇ ಇತ್ತು ಎಲ್ಲರದೂ. ಎಲ್ಲರಿಗಿಂತ ಮುಂದೆ ಮುರುಗೇಶ. ಬಂದವನ ಕಣ್ಣಿಗೆ ಬಿದ್ದಿದ್ದು ಏನು? ಎದೆಯಿಂದ ಮಂಡಿ ತನಕ ರಕ್ತದಲ್ಲಿ ಕೂತಿರೋ ಮಗಳು. ಪಕ್ಕದಲ್ಲಿ ಕೋವಿ ಹಿಡಿದು ನಿಂತ ಮೇನೇಜರ್. ಆ ಮನುಷ್ಯನ ಗಂಟಲಿಂದ ಬಂದ ಸದ್ದು ಇದೆಯಲ್ಲ, ಅದನ್ನ ನಾನು ಆಕ್ಟಿಂಗ್ ಮಾಡಿ ತೋರಿಸಲ್ಲ, ಆಗಲ್ಲ ನನ್ನ ಕೈಲಿ. ಜನ ಜೀಪಿನ ಗಾಜು ಪುಡಿ ಮಾಡಿದ್ರು. ಕೋಲು ಹಿಡಿದವರಲ್ಲಿ ಇಬ್ಬರು ಓಡಿದ್ರು, ಉಳಿದವರನ್ನ ಕೆಳಗೆ ಹಾಕಿ ತುಳಿದ್ರು, ಒಬ್ಬನ ಕೈ ಮೂಳೆ ಲಟ್ ಅಂದಿದ್ದು ನನಗೇ ಕೇಳಿಸ್ತು. ಮೇನೇಜರ್‌ನ ಕೋವಿ ಕಿತ್ತು, ಮುಖ ಮಣ್ಣಿಗೆ ಒತ್ತಿ, "ಕಡಿ! ಕಡಿ!" ಅಂತ ಕೂಗು. ಮುರುಗೇಶ ಕತ್ತಿ ಎತ್ತಿದ.

ಆಗ ಸೆಲ್ವಿ ನೌಫಲ್ ತಲೆಯನ್ನ ಪಕ್ಕದವಳ ತೊಡೆಗೆ ದಾಟಿಸಿ, ಎದ್ದು ಬಂದು, ಮೇನೇಜರ್ ಬೆನ್ನಿನ ಮೇಲೆ ಕೂತುಬಿಟ್ಲು. ಹೌದು ಕಣೋ ತೇಜು, ಬೆನ್ನಿನ ಮೇಲೇ, ಬೆಂಚ್ ಮೇಲೆ ಕೂತ ಹಾಗೆ! "ಅಪ್ಪಾ, ನಾನು ಸತ್ತಿಲ್ಲ. ಇದು ನನ್ನ ರಕ್ತ ಅಲ್ಲ." ಅವನಿಗೆ ಕೇಳಿಸ್ತಾ ಇರಲಿಲ್ಲ. ಕಣ್ಣು ತೆರೆದೇ ಇತ್ತು, ಏನೂ ಕಾಣ್ತಾ ಇರಲಿಲ್ಲ. ಉಳಿದ ಮಕ್ಕಳೂ ಎದ್ದು ಬಂದು ಸುತ್ತ ಕೂತ್ರು, ಯಾರು ಹೊಡೆಸಿದ್ದನೋ ಅವನ ಸುತ್ತಲೇ, ಮತ್ತೆ ಕೈ ತೊಡೆ ಕೆಳಗೆ. ಕತ್ತಿ ಇಳೀತಾ ಇತ್ತು. ಅದು ಮೇನೇಜರ್ ಕುತ್ತಿಗೆಗೆ ಹೋಗ್ತಿತ್ತೋ ಸೆಲ್ವಿ ತಲೆಗೋ, ಯಾರಿಗೆ ಗೊತ್ತು. ನಾನು ಈ ಕೈ ಕೊಟ್ಟೆ. ಇದೇ ಕೈ. ಮೂಳೆಗೆ ತಾಗಿ ನಿಲ್ತು ಕತ್ತಿ. ಕಬಡ್ಡಿಯಲ್ಲಿ ಪಳಗಿದ ಕೈ ಅದು, ಬೇರೆ ಯಾರದಾದ್ರೂ ಆಗಿದ್ರೆ ತುಂಡಾಗಿ ಬೀಳ್ತಿತ್ತು. ಮುರುಗೇಶನಿಗೆ ಆಗ ಕಣ್ಣು ಕಾಣಿಸ್ತು. ನನ್ನ ಕೈ ನೋಡ್ದ, ಮಗಳನ್ನ ನೋಡ್ದ. "ಉಸಿರಿದೆಯಾಮ್ಮಾ?" ಅಂದ. "ಇದೆಯಪ್ಪಾ," ಅಂದ್ಲು. ಕತ್ತಿ ಬಿಟ್ಟು ಅಲ್ಲೇ ಕುಸಿದ.

ಆದ್ರೆ ಜನ ಹೋಗಲಿಲ್ಲ. ರಕ್ತ ಬಿಸಿ ಇತ್ತು ಎಲ್ಲರಿಗೂ. ಅಷ್ಟರಲ್ಲಿ ಚೋಂದವ್ವ ಅಂತ ಪಕ್ಕದ ತೋಟದ ಮುದುಕಿ ಏದುಸಿರು ಬಿಡ್ತಾ ಬಂದ್ರು. ಅವರ ಮಾತಿಗೆ ಆ ಕಡೆ ಯಾರೂ ಎದುರು ಆಡಲ್ಲ. ಬಂದವರೇ ತಮ್ಮ ಮಾತಲ್ಲಿ, "ದಾರ್? ದಾರ್?" ಅಂದ್ರು. ಯಾರು ಹೋಗಿದ್ದು ಅಂತ. ಯಾರೂ ಇಲ್ಲ ಅವ್ವ, ಇವನು ಸುಮ್ಮನೆ ಹೊಡೆದಿದ್ದು ಅಂದ್ರು ಬೆಳ್ಳಿಯಪ್ಪಜ್ಜ. ಮುದುಕಿ ಸುತ್ತ ನೋಡಿದ್ರು. ಕಿವಿ ಹರಿದ ಹುಡುಗ, ಬಾಸುಂಡೆ ಎದ್ದ ಮಕ್ಕಳು, ಮಣ್ಣಲ್ಲಿ ಮುಖ ಇಟ್ಟ ಮೇನೇಜರ್, ಅವನ ಮೇಲೆ ಕೂತ ಹುಡುಗಿ. "ಯಾರೂ ಸತ್ತಿಲ್ವಾ?" ಅಂದ್ರು. "ನಾನು ಒಲೆ ಮೇಲೆ ಸಾರಿಟ್ಟು ಮಂಡಿ ನೋವಲ್ಲಿ ಇಷ್ಟು ದೂರ ಓಡಿ ಬಂದಿದ್ದೀನಿ. ಹೆಣ ಎತ್ತದೆ ಹೋಗೋದಾ?" ಜನ ಮೇನೇಜರ್ ಕಡೆ ನೋಡಿದ್ರು. ಮುದುಕಿ ಕೋಲೆತ್ತಿ ಗೇಟಿಗೆ ಬಡಿದ್ರು. "ಇದು ಸತ್ತಿದೆ. ಎತ್ತಿ."

ಯಾರೋ ಒಬ್ಬ ಕಿಸಕ್ಕಂತ ನಕ್ಕ. ಆಮೇಲೆ ಅಷ್ಟೂ ಜನ ಗೇಟಿಗೆ ಕೈ ಹಾಕಿದ್ರು. ಸಿಮೆಂಟ್ ಸಮೇತ ಕಿತ್ತು ಬಂತು. ಚಟ್ಟ ಹೊತ್ತ ಹಾಗೆ ಹೆಗಲ ಮೇಲೆ ಹೊತ್ರು, ಲೈನಿನವರು ಒಂದು ಕಡೆ, ತೋಟದವರು ಒಂದು ಕಡೆ. ಒಬ್ಬ ಹೆಂಗಸು ಸುಳ್ಳು ಸುಳ್ಳೇ ಎದೆ ಬಡ್ಕೊಂಡು ಅತ್ಲು, "ಅಯ್ಯೋ ನನ್ನ ಕಬ್ಬಿಣದಂಥಾ ಮಗನೇ" ಅಂತ. ಪಂಚಾಯ್ತಿ ಆಫೀಸಿನ ಮೆಟ್ಟಿಲ ಮೇಲೆ ಇಳಿಸಿ ಬಂದ್ರು. ಮೇನೇಜರ್‌ನ ನಾನು, ಬೆಳ್ಳಿಯಪ್ಪಜ್ಜ ಸೇರಿ ಎಬ್ಬಿಸಿ ನೀರು ಕುಡಿಸಿದ್ವಿ. ನೌಫಲ್‌ನ ಆ ಪಿಕಪ್ಪಲ್ಲೇ ಆಸ್ಪತ್ರೆಗೆ ಹಾಕ್ಕೊಂಡು ಹೋದ್ವಿ, ದಾರಿಯುದ್ದಕ್ಕೂ ನನ್ನ ಕೈಯ ರಕ್ತ, ಅವನ ಕಿವಿಯ ರಕ್ತ, ಒಂದೇ ಟವಲು.

ಅವನಿಗೆ ಆ ಕಿವಿ ಇವತ್ತಿಗೂ ಕೇಳಲ್ಲ. ಈಗ ಅಮ್ಮತ್ತಿಯಲ್ಲಿ ಅವನದೇ ಪಿಕಪ್ ಓಡಿಸ್ತಾನೆ. ನಾನು ಹೋದ್ರೆ, "ಸಾರ್, ಬೈಯೋದಿದ್ರೆ ಈ ಕಡೆ ಕೂತು ಬೈರಿ, ಕೇಳಿಸಲ್ಲ" ಅಂತಾನೆ. ನಗ್ತಾನೆ, ನನಗೆ ನಗು ಬರಲ್ಲ. ಪೊಲೀಸರು ನನ್ನ ಮೇಲೆ ಕೇಸ್ ಹಾಕಿದ್ರು, ಮಕ್ಕಳನ್ನ ಎತ್ತಿಕಟ್ಟಿದ ಅಂತ, ಕೋರ್ಟಿಗೆ ಅಲೆದು ಅಲೆದು ಆಮೇಲೆ ಬಿದ್ದುಹೋಯ್ತು. ಮುಂದಿನ ವರ್ಷ ಸ್ಕೂಲಿಗೆ ಕರೀಲಿಲ್ಲ. ಅತಿಥಿ ಅಲ್ವಾ, ಎದ್ದು ಬಂದೆ. ಬೇಜಾರೇನಿಲ್ಲ, ಕಳ್ಕೊಂಡಿದ್ದು ಅವರು. ಗೇಟು ಮಾತ್ರ ಮತ್ತೆ ನಿಲ್ಲಲಿಲ್ಲ. ಸೆಲ್ವಿ ಆ ದಾರೀಲೇ ನಡೆದು ಹತ್ತನೇದು ಮುಗಿಸಿ, ಪಿಯುಸಿ ಮುಗಿಸಿ, ಈಗ ನರ್ಸಿಂಗ್ ಓದ್ತಾ ಇದ್ದಾಳೆ.

ಏನೇ ಸಿಂಚನ? ಪರೀಕ್ಷೇಲಿ ಇದನ್ನೆಲ್ಲ ಬರೀಬೇಕಾ? ಬರೀಬೇಡ, ಸೊನ್ನೆ ಕೊಡ್ತಾರೆ. ಪುಸ್ತಕದಲ್ಲಿ ಇರೋದನ್ನ ಬರಿ. ಆದ್ರೆ ನಾನು ಆಮೇಲೆ ತುಂಬಾ ಯೋಚನೆ ಮಾಡಿದ್ದೀನಿ. ಅವತ್ತು ಎರಡು ಗುಂಡು ಕೇಳಿದವರಲ್ಲಿ ಒಬ್ಬರೂ, ಸತ್ತಿದ್ದು ಧಣಿ ಮಗನೋ ಕೂಲಿ ಮಗನೋ, ನಮ್ಮ ಜಾತಿನೋ ಅವರ ಜಾತಿನೋ ಅಂತ ಕೇಳ್ಕೊಂಡು ಹೊರಡಲಿಲ್ಲ. ಕೇಳ್ತಾ ನಿಂತಿದ್ರೆ ನಾವು ಆ ಬೋರ್ಡಿನ ಕೆಳಗೇ ಮುಗೀತಿದ್ವಿ. ಅದಕ್ಕೇ ಹೇಳ್ತೀನಿ, ನೆಂಟರ ಮದುವೆ ತಪ್ಪಿದ್ರೂ ಚಿಂತೆ ಇಲ್ಲ, ಅಕ್ಕಪಕ್ಕದ ಸಾವಿಗೆ ಮಾತ್ರ ತಪ್ಪಿಸ್ಕೋಬೇಡಿ. ಮೊದಲು ಹೊರಡಿ, ಯಾರದು ಅಂತ ದಾರೀಲಿ ಕೇಳ್ಕೊಂಡ್ರಾಯ್ತು. ಸರಿ, ಏಳಿ, ತಟ್ಟೆ ಹಾಕಿ.